ಬಿಸಿನೀರಿಗೆ ಹೋದವರು

ನಮ್ಮ ದೊಡ್ಡಕ್ಕನ ಕಾರಿಗೆ ಎರಡು ಬ್ರೇಕುಗಳಿದ್ದವು. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತ ದೊಡ್ಡಕ್ಕನ ಕಾಲ ಕೆಳಗೆ. ಡ್ರೈವಿಂಗ್ ಸ್ಕೂಲಿನ ಕಾರುಗಳೆಲ್ಲ ಹೀಗೇ ಇರುತ್ತವೆ, ಅದರಲ್ಲಿ ವಿಶೇಷವೇನಿಲ್ಲ. ವಿಶೇಷವೆಂದರೆ ದೊಡ್ಡಕ್ಕ ಕಾರಿನಿಂದ ಇಳಿದ ಮೇಲೂ ಆ ಬ್ರೇಕಿನಿಂದ ಕಾಲು ತೆಗೆಯುತ್ತಿರಲಿಲ್ಲ. ಮನೆಯಲ್ಲಿ ಯಾರ ಮದುವೆ ಯಾವಾಗ, ಯಾರ ಮಗಳು ಏನು ಓದಬೇಕು, ಯಾರು ಯಾರ ಜೊತೆ ಮಾತು ಬಿಡಬೇಕು, ಎಲ್ಲಕ್ಕೂ ಅವರು ಹೂಂ ಅನ್ನಬೇಕು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅಡುಗೆಮನೆಗೆ ತಿಳಿಹಳದಿ ಬಣ್ಣ ಬಳಿಸೋಣ ಎಂದಿದ್ದೆ. ಇವತ್ತಿಗೂ ಅದು ಹಸಿರಾಗಿಯೇ ಇದೆ.

ನಾನು ಅವರ ತಮ್ಮನ ಹೆಂಡತಿ. ಗಂಡನ ಅಕ್ಕನನ್ನು ಹೊಗಳಿ ಬರೆಯುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬಲ್ಲೆ.

ದೊಡ್ಡಕ್ಕನ ಗಂಡ, ಅಂದರೆ ನಮ್ಮ ಭಾವನವರು, ಲಾರಿ ಓಡಿಸುತ್ತಿದ್ದವರು. ಮದುವೆಯಾದ ಮೇಲೆ ಹೆಂಡತಿಗೆ ಒಂದು ಖಾಲಿ ಮೈದಾನದಲ್ಲಿ ಗಾಡಿ ಕಲಿಸಿದರು. ಕಲಿತವರು ಸುಮ್ಮನೆ ಕೂರದೆ ಒಂದು ಹಳೆಯ ಕಾರು ಕೊಂಡು, ಹೆಂಗಸರಿಗೆ ಹೆಂಗಸೇ ಕಲಿಸುತ್ತಾಳೆ ಎಂದು ಬೋರ್ಡು ಬರೆಸಿ, ಮನೆಯ ಮುಂದಿನ ಕೋಣೆಯನ್ನೇ ಸ್ಕೂಲು ಮಾಡಿದರು. ಹೆಂಗಸರು ಬಂದರು, ಅವರ ಹಿಂದೆ ಗಂಡಸರೂ ಬಂದರು. ನಿವೃತ್ತ ಹೆಡ್‌ಮಾಸ್ಟರೊಬ್ಬರು ಪ್ರತಿ ವೃತ್ತದಲ್ಲೂ ಗಾಡಿ ಆಫ್ ಮಾಡುತ್ತಿದ್ದರು. “ಮೇಷ್ಟ್ರೇ, ಕ್ಲಚ್ ಅಂದ್ರೆ ಹುಡುಗರ ಕಿವಿ ಅಲ್ಲ, ಹಿಂಡಿ ಒಮ್ಮೆಲೇ ಬಿಟ್ಟುಬಿಡೋಕೆ. ನಿಧಾನಕ್ಕೆ ಬಿಡಿ,” ಎಂದು ದೊಡ್ಡಕ್ಕ ಗದರಿದ್ದು ಊರಿಗೆಲ್ಲ ಗೊತ್ತು. ಹೆಡ್‌ಮಾಸ್ಟರೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು.

ಕಲಿಸುವುದರಲ್ಲಿ ಅವರಿಗೆ ಸಾಟಿ ಇರಲಿಲ್ಲ. ಆದರೆ ಒಂದು ಕೆಟ್ಟ ಅಭ್ಯಾಸ. ಎದುರಿಗೆ ಒಂದು ನಾಯಿ ಅಡ್ಡ ಬಂದರೆ ಸಾಕು, ಕಲಿಯುವವರು ಕಾಲು ಎತ್ತುವ ಮೊದಲೇ ದೊಡ್ಡಕ್ಕನ ಬ್ರೇಕು ಬಿದ್ದಿರುತ್ತಿತ್ತು. “ನನಗೂ ಕಾಣಿಸ್ತು ಮೇಡಂ, ನಾನೇ ಹಾಕ್ತಿದ್ದೆ,” ಎಂದು ಯಾರಾದರೂ ಗೊಣಗಿದರೆ, “ನೀನು ಹಾಕೋವರೆಗೆ ನಾಯಿ ಕಾಯಬೇಕಲ್ಲ,” ಎನ್ನುತ್ತಿದ್ದರು.

ಆಸ್ಪತ್ರೆ ವಿಷಯದಲ್ಲಂತೂ ಅವರೇ ನಮ್ಮ ಮನೆತನದ ಆರೋಗ್ಯಮಂತ್ರಿ. ಯಾರಿಗೆ ಜ್ವರ ಬಂದರೂ, ಯಾರ ಹೊಟ್ಟೆ ಕೊಯ್ಯಬೇಕಾದರೂ ಡಾಕ್ಟರ ಹತ್ತಿರ ಮಾತು ದೊಡ್ಡಕ್ಕನದೇ. ಸ್ಕ್ಯಾನಿನ ಲಕೋಟೆ ಅವರ ಕಂಕುಳಲ್ಲಿ, ಮಾತ್ರೆಗಳು ಅವರ ಚೀಲದಲ್ಲಿ. ರೋಗಿ ಬಾಯಿ ತೆರೆಯಬೇಕಾದ್ದು ಥರ್ಮಾಮೀಟರ್ ಇಡುವಾಗ ಮಾತ್ರ. ಕೆಟ್ಟ ಸುದ್ದಿ ಬರುವ ಹಾಗಿದ್ದರೆ ಅವರು ಡಾಕ್ಟರಿಗೆ ಕಣ್ಣಲ್ಲೇ ಸನ್ನೆ ಮಾಡಿ, ಮಂಚದ ಪಕ್ಕದ ಫ್ಲಾಸ್ಕು ಎತ್ತಿಕೊಳ್ಳುತ್ತಿದ್ದರು. “ಬಿಸಿನೀರು ತರ್ತೀವಿ,” ಎಂದು ರೋಗಿಗೆ ಹೇಳಿ, ನಮ್ಮಲ್ಲಿ ಒಬ್ಬಿಬ್ಬರನ್ನು ಕರೆದುಕೊಂಡು ಹೊರಗೆ ನಡೆಯುತ್ತಿದ್ದರು. ಸತ್ಯವೆಲ್ಲ ಕಾರಿಡಾರಿನಲ್ಲಿ. ಒಳಗೆ ಬರುವಾಗ ನಗುಮುಖ, ಬಿಸಿನೀರು, “ಏನಿಲ್ಲ, ಇನ್ನೆರಡು ದಿನಕ್ಕೆ ಮನೆಗೆ ಹೋಗಬಹುದಂತೆ.” ನಮ್ಮ ಅತ್ತೆಯವರು ಹಾಗೆಯೇ ಏನೂ ಗೊತ್ತಿಲ್ಲದೆ ಹೋದರು. ನಮ್ಮ ಮನೆಯಲ್ಲಿ ರೋಗ ಏನೆಂದು ರೋಗಿಯೊಬ್ಬರಿಗೆ ಬಿಟ್ಟು ಮಿಕ್ಕವರಿಗೆಲ್ಲ ಗೊತ್ತಿರುತ್ತಿತ್ತು.

ಭಾವನವರಿಗೆ ಅನ್ನನಾಳದ ಕ್ಯಾನ್ಸರ್ ಆದಾಗಲೂ ಇದೇ ಕಥೆ. ಅವರಿಗೆ ಹೇಳಿದ್ದು ಹುಣ್ಣು ಎಂದು. ಕೊನೆಯ ತಿಂಗಳುಗಳನ್ನು ಆಸ್ಪತ್ರೆಯಲ್ಲೇ ಕಳೆದರು. ಡಾಕ್ಟರು ಬಂದ ಹೊತ್ತಿಗೆ ಸರಿಯಾಗಿ, “ನೀರು ಮುಗೀತು ಕಣೇ, ತಗೊಂಡು ಬಾ,” ಎಂದು ಅವರೇ ಕೂಗಿ ಹೇಳುತ್ತಿದ್ದರು. ನಮಗೆ ಅದೇ ಅನುಕೂಲವಾಗಿತ್ತು. ಹೆಚ್ಚು ಯೋಚನೆ ಮಾಡಲು ಹೋಗಲಿಲ್ಲ.

ಅವರು ಹೋದ ಮೇಲೂ ದೊಡ್ಡಕ್ಕ ಸ್ಕೂಲು ನಿಲ್ಲಿಸಲಿಲ್ಲ. ಅವರ ಮಗಳೂ ಜೊತೆಗೆ ಕಲಿಸಲು ನಿಂತಳು. ಆಗಲೇ ದೊಡ್ಡಕ್ಕನಿಗೆ ಸಕ್ಕರೆ ಕಾಯಿಲೆ ಶುರುವಾಗಿ ಬಹಳ ವರ್ಷವಾಗಿತ್ತು. ಕಾಲು ಜೋಮು ಹಿಡಿದಂತಿರುತ್ತದೆ ಎನ್ನುತ್ತಿದ್ದರೇ ಹೊರತು ತೋರಿಸಿಕೊಳ್ಳಲು ಹೋಗುತ್ತಿರಲಿಲ್ಲ. ಬೇರೆಯವರನ್ನು ಆಸ್ಪತ್ರೆಗೆ ಎಳೆದೊಯ್ಯುವುದರಲ್ಲಿ ಎಷ್ಟು ಚುರುಕೋ, ತಾನು ಹೋಗುವುದರಲ್ಲಿ ಅಷ್ಟೇ ಸೋಮಾರಿ. ಒಂದು ದಿನ ಸಂಜೆ ಶೂ ಬಿಚ್ಚಿದಾಗ ಕಾಲುಚೀಲವೆಲ್ಲ ರಕ್ತ. ಒಳಗಿನಿಂದ ಒಂದು ಕಡಲೆ ಗಾತ್ರದ ಜಲ್ಲಿಕಲ್ಲು ಉದುರಿತು. ಬೆಳಿಗ್ಗೆಯಿಂದ ಅದರ ಮೇಲೆಯೇ ಕಾಲೂರಿ ಬ್ರೇಕು ತುಳಿದಿದ್ದಾರೆ, ಅವರಿಗೆ ಗೊತ್ತೇ ಆಗಿಲ್ಲ. ಮಗಳು ಕಿರುಚಿಕೊಂಡಳು. ದೊಡ್ಡಕ್ಕ ಮಾತ್ರ ಬೇರೆ ಯಾರದ್ದೋ ಕಾಲು ನೋಡುವ ಹಾಗೆ ಬಗ್ಗಿ ನೋಡಿದರಂತೆ.

ಅರಿಶಿನ ಹಚ್ಚಿ, ಬಟ್ಟೆ ಕಟ್ಟಿ, ಎರಡು ದಿನ ನಮಗೆ ಹೇಳದೆ ಮುಚ್ಚಿಟ್ಟರು. ಬಲಗಾಲಿನ ಬೆರಳುಗಳು ಕಪ್ಪಾಗಿ, ಚಳಿಜ್ವರ ಬಂದ ಮೇಲೆ ನಾವು ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದೆವು. ಈಗ ದೊಡ್ಡಕ್ಕ ಮಂಚದ ಮೇಲೆ. ಲಕೋಟೆ ನಮ್ಮ ಯಜಮಾನರ ಕಂಕುಳಿಗೆ ಬಂತು, ಮಾತ್ರೆಯ ಚೀಲ ಮಗಳ ಹೆಗಲಿಗೆ. ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಮೊದಲ ದಿನ ಮಧ್ಯಾಹ್ನ ಸರ್ಜನ್ ಬಂದರು. ಸಣ್ಣ ವಯಸ್ಸಿನ ಹೆಂಗಸು, ಗಡಿಬಿಡಿಯಿಲ್ಲದ ಮಾತು. ಕಾಲಿನ ಕಟ್ಟು ಬಿಚ್ಚಿ ನೋಡಿ, ದೊಡ್ಡಕ್ಕನ ಕಡೆ ತಿರುಗಿ, “ನೋಡಿ ಅಮ್ಮಾ,” ಎಂದು ಶುರು ಮಾಡಿದ್ದರು. ಅಷ್ಟರಲ್ಲಿ ನಮ್ಮ ಯಜಮಾನರು ಅವರಿಗೆ ಕಣ್ಣಲ್ಲೇ ಸನ್ನೆ ಮಾಡಿ, ಫ್ಲಾಸ್ಕು ಎತ್ತಿಕೊಂಡು, “ಅಕ್ಕಾ, ಬಿಸಿನೀರು ತರ್ತೀವಿ,” ಎಂದರು. ಜ್ವರದ ಮಂಪರಿನಲ್ಲಿದ್ದ ದೊಡ್ಡಕ್ಕ ಹೂಂ ಎಂದರು.

ಕಾರಿಡಾರಿನಲ್ಲಿ ಸರ್ಜನ್ ನೇರವಾಗಿ ಹೇಳಿದರು. ನಂಜು ಬೆರಳುಗಳಿಂದ ಪಾದಕ್ಕೆ ಏರಿದೆ. ಇವತ್ತು ಸಂಜೆಯೇ ಆಪರೇಷನ್ ಮಾಡಿ ಪಾದದ ಮುಂದಿನ ಅರ್ಧ ತೆಗೆದರೆ ಹಿಮ್ಮಡಿ ಉಳಿಯುತ್ತದೆ, ತಕ್ಕ ಶೂ ಹಾಕಿಕೊಂಡು ನಡೆಯಬಹುದು. ಇನ್ನೊಂದು ದಾರಿ, ಕೀವು ಮಾತ್ರ ತೆಗೆದು, ರಕ್ತನಾಳದ ಅಡಚಣೆ ಬಿಡಿಸಿ, ಪಾದ ಉಳಿಸಲು ನೋಡುವುದು. ಉಳಿದರೆ ಉಳಿಯಿತು. ಉಳಿಯದೆ ನಂಜು ಮೇಲೇರಿದರೆ ಮೊಣಕಾಲಿನ ಹತ್ತಿರ ತೆಗೆಯಬೇಕಾಗುತ್ತದೆ.

“ನನಗೆ ಮೊದಲನೇದೇ ಸರಿ ಅನ್ಸತ್ತೆ. ಆದ್ರೆ ಕಾಲು ಅವರದು. ಅವರನ್ನೇ ಕೇಳಬೇಕು, ಬನ್ನಿ ಒಳಗೆ,” ಎಂದರು.

“ಬೇಡ ಡಾಕ್ಟ್ರೇ, ನೀವು ಹೇಳಿದ್ರೆ ಎದೆ ಒಡೆದುಕೊಳ್ತಾಳೆ. ನಾವೇ ನಯವಾಗಿ ಹೇಳ್ತೀವಿ,” ಎಂದು ನಮ್ಮ ಯಜಮಾನರು ಕೈ ಮುಗಿದರು.

ಸರ್ಜನ್‌ಗೆ ಒಪ್ಪಿಗೆ ಇರಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ಅಷ್ಟರಲ್ಲಿ ಯಾವುದೋ ಅಪಘಾತದ ಕೇಸು ಬಂತೆಂದು ಅವರನ್ನು ಕರೆದರು. “ಈಗಲೇ ಹೇಳಿ. ಒಂದು ಗಂಟೆ ಬಿಟ್ಟು ಅವರೇನಂದ್ರು ಅಂತ ಸಿಸ್ಟರ್ ಹತ್ರ ತಿಳಿಸಿ, ಸಂಜೆಗೆ ಥಿಯೇಟರ್ ರೆಡಿ ಇರತ್ತೆ,” ಎಂದು ಓಡಿದರು.

ನಾವು ಮೂವರೂ ಗೋಡೆಗೆ ಒರಗಿ ನಿಂತೆವು. ಮಗಳು ಬಿಕ್ಕುತ್ತಿದ್ದಳು. “ಮಾಮಾ, ಅಮ್ಮನಿಗೆ ಹೇಳಬೇಡಿ. ಗಾಡಿ ಓಡಿಸೋದೇ ಅವಳ ಪ್ರಾಣ. ಕಾಲು ಹೋಗತ್ತೆ ಅಂದ್ರೆ ಇವತ್ತೇ ಸಾಯ್ತಾಳೆ.”

“ಹೇಳೋದು ಹೇಗಮ್ಮಾ? ಕಾಲು ಉಳಿಸೋದೇ ಸರಿ. ಇನ್ನೊಬ್ಬ ಡಾಕ್ಟ್ರಿಗೂ ತೋರಿಸೋಣ. ಒಂದು ದಿನ ಟೈಮ್ ತಗೊಳ್ಳೋಣ,” ಎಂದರು ನಮ್ಮ ಯಜಮಾನರು. ಹೋಗಿ ಸಿಸ್ಟರಿಗೆ ಹೇಳಿ ಬಂದರು. ಏನು ಹೇಳಿದರೆಂದು ನಾನು ಕೇಳಲಿಲ್ಲ. ದೊಡ್ಡಕ್ಕನಿಗೆ ಸಿಕ್ಕಿದ್ದು ಬಿಸಿನೀರು ಮತ್ತು “ಡ್ರೆಸ್ಸಿಂಗ್ ಮಾಡಿದ್ರೆ ವಾಸಿಯಾಗತ್ತಂತೆ” ಎಂಬ ಮಾತು.

ಮರುದಿನ ಬೆಳಿಗ್ಗೆ ಜ್ವರದ ಮಂಪರು ಇಳಿದಿತ್ತು. ದೊಡ್ಡಕ್ಕ ದಿಂಬಿಗೆ ಒರಗಿ ಕೂತು, ಪಕ್ಕದ ಮಂಚದ ಮುದುಕಿಗೆ ಗಾಡಿ ಕಲಿಯಲು ವಯಸ್ಸಿನ ಹಂಗಿಲ್ಲವೆಂದು ಬುದ್ಧಿ ಹೇಳುತ್ತಿದ್ದರು. ಅಷ್ಟರಲ್ಲಿ ಸಿಸ್ಟರ್ ಬಾಗಿಲಲ್ಲಿ ಇಣುಕಿ, “ಸರ್ಜನ್ ಮೇಡಂ ರೌಂಡ್ಸ್ ಶುರು ಮಾಡಿದ್ರು,” ಎಂದರು. ಅವರು ಮಂಚದ ಹತ್ತಿರ ಬಂದು ಬಾಯಿ ಬಿಟ್ಟರೆ ಮುಗಿಯಿತು. “ಅಕ್ಕಾ, ಬಿಸಿನೀರು,” ಎಂದರು ನಮ್ಮ ಯಜಮಾನರು. ಮಗಳು ಅವರ ಹಿಂದೆ, ನಾನು ಮಗಳ ಹಿಂದೆ. ಓಡಿದೆವು ಅಂದರೂ ತಪ್ಪಿಲ್ಲ.

ಕಾರಿಡಾರಿನಲ್ಲಿ ಸರ್ಜನ್ ಇರಲಿಲ್ಲ. ಆ ತುದಿಯ ವಾರ್ಡಿನಲ್ಲೂ ಇರಲಿಲ್ಲ. ಮೆಟ್ಟಿಲ ಹತ್ತಿರ ಕಾದು, ಲಿಫ್ಟಿನ ಹತ್ತಿರ ಕಾದು, ಪೆಚ್ಚುಮೋರೆ ಹಾಕಿಕೊಂಡು ವಾಪಸು ಬಂದೆವು.

ದೊಡ್ಡಕ್ಕ ಹಾಗೆಯೇ ಕೂತಿದ್ದರು. ಫ್ಲಾಸ್ಕು ಅವರ ತೊಡೆಯ ಮೇಲಿತ್ತು. ಮುಚ್ಚಳ ತೆಗೆದಿದ್ದರು. ಒಳಗಿಂದ ಹಬೆ ಬರುತ್ತಿತ್ತು.

“ಬಿಸಿನೀರಿಗೆ ಮೂರು ಜನ ಹೋದ್ರಿ,” ಎಂದರು. “ಫ್ಲಾಸ್ಕು ಇಲ್ಲೇ ಬಿಟ್ಟು ಹೋದ್ರಿ. ಅದೂ ತುಂಬಿದೆ.”

ಬಿಸಿನೀರೆಂದರೆ ಏನೆಂದು ಈ ಭೂಮಿಯ ಮೇಲೆ ಯಾರಿಗಾದರೂ ವಿವರಿಸಿ ಹೇಳಬೇಕಿಲ್ಲದಿದ್ದರೆ ಅದು ದೊಡ್ಡಕ್ಕನಿಗೆ. ಅವರು ಕಿರುಚುತ್ತಾರೆ, ನಮ್ಮ ಗ್ರಹಚಾರ ಬಿಡಿಸುತ್ತಾರೆ, ನನಗೇನಾಗಿದೆ ಬೊಗಳಿ ಎನ್ನುತ್ತಾರೆ ಎಂದು ಕಾದೆ. ಅವರು ಅದೊಂದನ್ನೂ ಕೇಳಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು. ನಮ್ಮನ್ನು ನೋಡುತ್ತಲೂ ಇರಲಿಲ್ಲ.

“ಅವರ ಫ್ಲಾಸ್ಕು ಯಾವಾಗ್ಲೂ ಖಾಲಿ ಇರ್ತಿತ್ತು,” ಎಂದರು.

“ಯಾರದಕ್ಕಾ?” ಎಂದರು ನಮ್ಮ ಯಜಮಾನರು.

“ನಿಮ್ಮ ಭಾವಂದು. ಗುಟುಕು ನೀರು ಗಂಟಲಲ್ಲಿ ಇಳೀತಿರಲಿಲ್ಲ ಆ ಮನುಷ್ಯನಿಗೆ. ಚಮಚದಲ್ಲಿ ತುಟಿ ಒದ್ದೆ ಮಾಡ್ತಿದ್ದೆ. ಫ್ಲಾಸ್ಕು ಹೇಗೆ ಖಾಲಿ ಆಗ್ತಿತ್ತು?”

ದೊಡ್ಡಕ್ಕ ಮಂಚದ ಕೆಳಗೆ ಕಣ್ಣು ಹಾಯಿಸಿದರು.

“ಮಂಚದ ಕೆಳಗಿನ ಬಕೆಟ್ಟಲ್ಲಿ ದಿನಾ ಬಿಸಿನೀರು ಇರ್ತಿತ್ತು. ಮೈ ಒರೆಸೋಕೆ ಸಿಸ್ಟರ್ ಇಟ್ಟು ಹೋಗಿದ್ದಾರೆ ಅಂದ್ಕೊಂಡಿದ್ದೆ.” ಅವರು ಫ್ಲಾಸ್ಕಿನ ಮುಚ್ಚಳ ಹಾಕಿದರು. “ಅವರೇ ಬಗ್ಗಿಸ್ತಿದ್ರು ಕಣೋ. ಡಾಕ್ಟ್ರು ಬರೋ ಹೊತ್ತಿಗೆ ಬಗ್ಗಿಸಿ, ನೀರು ಮುಗೀತು ಅಂತ ನನ್ನ ಹೊರಗೆ ಕಳಿಸ್ತಿದ್ರು. ಅವರಿಗೆ ಗೊತ್ತಿತ್ತು. ಮೊದಲಿಂದ್ಲೂ ಗೊತ್ತಿತ್ತು. ನನಗೆ ಸುಳ್ಳು ಹೇಳೋಕೆ ಕಷ್ಟ ಆಗಬಾರ್ದು ಅಂತ…”

ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ಭಾವನವರ ಮುಖ ಕಣ್ಣೆದುರು ಬಂತು. ನಾವು ಫ್ಲಾಸ್ಕು ತುಂಬಿಸಿಕೊಂಡು ನಗುನಗುತ್ತ ಒಳಗೆ ಬರುವಾಗ ಅವರೂ ನಗುತ್ತಿದ್ದರು. ಮನೆಗೆ ಹೋದ ಮೇಲೆ ಲಾರಿಗೆ ಹೊಸ ಟೈರು ಹಾಕಿಸಬೇಕು ಎನ್ನುತ್ತಿದ್ದರು. ಆ ಟೈರಿನ ಮಾತು ನಂಬಿ ನಾನು ಕಾರಿಡಾರಿಗೆ ಹೋಗಿ ಅತ್ತಿದ್ದೆ, ಪಾಪ ಏನೂ ಗೊತ್ತಿಲ್ಲ ಎಂದು. ಏನೂ ಗೊತ್ತಿಲ್ಲದವರು ನಾವಾಗಿದ್ದೆವು. ಗಂಡ ಹೆಂಡತಿ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಅಳಬಹುದಾಗಿದ್ದ ದಿನಗಳನ್ನೆಲ್ಲ, ಒಬ್ಬರು ಗೋಡೆಯ ಈಚೆ ಒಬ್ಬರು ಆಚೆ ಕಳೆದರು.

ಆಗ ಸರ್ಜನ್ ಒಳಗೆ ಬಂದರು. ಹಿಂದಿನ ಮೆಟ್ಟಿಲಿಂದ ಬಂದಿರಬೇಕು. ಈ ಸಲ ಕಣ್ಸನ್ನೆ ಮಾಡುವ ತ್ರಾಣ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅವರು ಕುರ್ಚಿ ಎಳೆದುಕೊಂಡು ದೊಡ್ಡಕ್ಕನ ಎದುರಿಗೇ ಕೂತರು.

“ಒಂದು ದಿನ ಯೋಚನೆ ಮಾಡ್ತೀನಿ ಅಂದಿದ್ರಂತೆ. ಏನು ತೀರ್ಮಾನ ಮಾಡಿದ್ರಿ ಅಮ್ಮಾ?”

“ಯಾರು ಅಂದಿದ್ದು?” ಎಂದರು ದೊಡ್ಡಕ್ಕ. “ಯಾವುದರ ತೀರ್ಮಾನ?”

ಸರ್ಜನ್ ಒಮ್ಮೆ ದೊಡ್ಡಕ್ಕನನ್ನು, ಒಮ್ಮೆ ನಮ್ಮನ್ನು ನೋಡಿದರು. ನಾನು ಗಂಡನ ಕಡೆ ನೋಡಿದೆ. ಅವರು ತಲೆ ತಗ್ಗಿಸಿದ್ದರು. ಆಗ ತಿಳಿಯಿತು ಸಿಸ್ಟರಿಗೆ ಏನು ಹೇಳಿ ಬಂದಿದ್ದರೆಂದು. ಅಕ್ಕನಿಗೆ ಒಂದು ಮಾತೂ ಹೇಳದೆ, ಅಕ್ಕನೇ ಒಂದು ದಿನ ಕೇಳಿದ್ದಾಳೆಂದು ಹೇಳಿದ್ದರು. ಇಷ್ಟು ದೊಡ್ಡ ಸುಳ್ಳು ಹೇಳಬಲ್ಲ ಮನುಷ್ಯನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೇನೆಂದು ನನಗೆ ನಂಬಲಾಗಲಿಲ್ಲ. ಸರ್ಜನ್‌ರ ಮುಖದ ಬಣ್ಣವೇ ಬದಲಾಯಿತು. ಆದರೆ ನಮ್ಮ ಮೇಲೆ ಕೂಗಾಡುತ್ತ ಹೊತ್ತು ಕಳೆಯಲಿಲ್ಲ. ಹಿಂದಿನ ದಿನ ಕಾರಿಡಾರಿನಲ್ಲಿ ಹೇಳಿದ್ದನ್ನೆಲ್ಲ ದೊಡ್ಡಕ್ಕನ ಎದುರು, ಅವರ ಕಣ್ಣಲ್ಲಿ ಕಣ್ಣಿಟ್ಟು ಮತ್ತೆ ಹೇಳಿದರು. ಅರ್ಧ ಪಾದ ತೆಗೆಯುವುದು ಒಂದು, ಉಳಿಸಿ ನೋಡುವುದು ಇನ್ನೊಂದು. ನಿಮಗೆ ಯಾವುದು ಮುಖ್ಯ, ಹೇಳಿ ಎಂದರು.

“ತೆಗೀರಿ,” ಎಂದರು ದೊಡ್ಡಕ್ಕ.

ಯೋಚನೆಯನ್ನೇ ಮಾಡಲಿಲ್ಲ. ಅಂಗಡಿಯಲ್ಲಿ ಕೊಳೆತ ಟೊಮೆಟೊ ತೆಗೆದಿಡಲು ಹೇಳುವವರ ಹಾಗೆ ಹೇಳಿಬಿಟ್ಟರು. ನಮ್ಮ ಯಜಮಾನರು ಹೌಹಾರಿದರು.

“ಅಕ್ಕಾ! ಕಾಲು ಹೋದ್ರೆ ಗಾಡಿ ಹೇಗೆ ಓಡಿಸ್ತೀಯ? ಅದನ್ನ ಉಳಿಸಬೇಕು ಅಂತಲೇ ನಾವು ಇಷ್ಟೆಲ್ಲ…”

“ಗಾಡಿ ಬಿಟ್ಟೆ ನಾನು,” ಎಂದರು ದೊಡ್ಡಕ್ಕ. “ಆಸ್ಪತ್ರೆಗೆ ಬರೋ ಮೊದಲೇ ಬಿಟ್ಟಾಯ್ತು.”

ಮಗಳು ಮಂಚದ ಕಂಬಿ ಹಿಡಿದುಕೊಂಡಳು. “ಅಮ್ಮಾ, ನನಗೆ ಹೇಳಲೇ ಇಲ್ಲ?”

“ಯಾರು ಕೇಳಿದ್ರು? ಶೂ ಒಳಗೆ ಕಲ್ಲು ಸಿಕ್ಕಿದ್ದ ದಿನಾನೇ ಮಾರ್ಕೆಟ್ ತಿರುವಲ್ಲಿ ಒಬ್ಬ ಮುದುಕ ಚೀಲ ಹಿಡ್ಕೊಂಡು ಅಡ್ಡ ಬಂದ. ನಾನು ಬ್ರೇಕು ತುಳಿದೆ. ತುಳಿದೆ ಅಂದ್ಕೊಂಡೆ. ಗಾಡಿ ನಿಲ್ತಿಲ್ಲ. ಬಗ್ಗಿ ನೋಡ್ತೀನಿ, ಕಾಲು ಬ್ರೇಕಿನ ಮೇಲೇ ಇಲ್ಲ, ಮ್ಯಾಟಿನ ಮೇಲಿದೆ. ಜೀವ ಬಾಯಿಗೆ ಬಂತು. ಕಲೀತಿದ್ದ ಹುಡುಗಿ ತಾನೇ ಬ್ರೇಕು ಹಾಕಿದ್ಲು, ಅವನ ಚೀಲಕ್ಕೆ ತಗುಲೋ ಹಾಗೆ ನಿಂತ್ವಿ. ನಾನೇ ಹಾಕಿದ್ದು ಅಂದ್ಕೊಂಡು ಆ ಹುಡುಗಿ ನನಗೆ ಥ್ಯಾಂಕ್ಸ್ ಹೇಳಿದ್ಲು.” ಅವರು ಬ್ಯಾಂಡೇಜು ಸುತ್ತಿದ ಕಾಲಿನ ಕಡೆ ಬೆರಳು ತೋರಿಸಿದರು. “ಇದು ಅವತ್ತೇ ನನ್ನ ಕಾಲಲ್ಲ ಅಂತ ಗೊತ್ತಾಯ್ತು. ಇದನ್ನಿಟ್ಕೊಂಡು ಏನು ಪೂಜೆ ಮಾಡಲಾ? ಹಿಮ್ಮಡಿ ಉಳಿಯತ್ತೆ ಅಂದ್ರಲ್ಲ ಡಾಕ್ಟ್ರೇ, ಅಷ್ಟು ಸಾಕು ನನಗೆ. ರಾತ್ರಿ ಯಾರನ್ನೂ ಎಬ್ಬಿಸದೆ ಬಚ್ಚಲಿಗೆ ಹೋಗಿ ಬರೋ ಹಾಗಾದ್ರೆ ಸಾಕು.”

ಯಾವ ಗಾಡಿಗಾಗಿ ನಾವು ಕಾಲು ಉಳಿಸಲು ಹೊರಟಿದ್ದೆವೋ ಆ ಗಾಡಿಯನ್ನೇ ಅವರು ಬಿಟ್ಟಾಗಿತ್ತು. ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ಮಂಚದಿಂದ ಕಾರಿಡಾರಿಗೆ ಇರುವಷ್ಟು ದೂರದಲ್ಲಿ ಉತ್ತರ ಕೂತಿತ್ತು.

ಸರ್ಜನ್ ಸಣ್ಣಗೆ ನಕ್ಕು, “ಸರಿ ಅಮ್ಮಾ, ಕಾಲು ನೋಡ್ತೀನಿ,” ಎಂದು ಕಟ್ಟು ಬಿಚ್ಚತೊಡಗಿದರು. ಸಿಸ್ಟರ್ ಕತ್ತರಿ ಹಿಡಿದು ನಿಂತಿದ್ದರು. ಕೊನೆಯ ಸುತ್ತು ಬಿಚ್ಚುವಾಗಲೇ ಕೆಟ್ಟ ವಾಸನೆ ಬಂತು. ನಗು ಸರ್ಜನ್‌ರ ಮುಖದಲ್ಲೇ ನಿಂತುಹೋಯಿತು. ಹಿಂದಿನ ದಿನ ಬೆರಳುಗಳ ಹತ್ತಿರವಿದ್ದ ಕಪ್ಪು ಅಂಗಾಲು ದಾಟಿತ್ತು. ಹಿಮ್ಮಡಿ ನೀಲಿಗಟ್ಟಿತ್ತು. ಅವರು ಬೆರಳಿನಿಂದ ಮೆಲ್ಲಗೆ ಅಲ್ಲಲ್ಲಿ ಒತ್ತಿ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಕೈಗವಸು ತೆಗೆದು, ನಮ್ಮ ಕಡೆಗಲ್ಲ, ದೊಡ್ಡಕ್ಕನ ಕಡೆಗೇ ತಿರುಗಿದರು.

“ಅಮ್ಮಾ, ಈಗ ಹೇಳೋದು ಕಷ್ಟದ ಮಾತು. ಹಿಮ್ಮಡಿ ಉಳಿಯಲ್ಲ. ಮೊಣಕಾಲಿನ ಕೆಳಗೆ ತೆಗೀಬೇಕು. ತಡ ಮಾಡೋ ಹಾಗಿಲ್ಲ, ಜೀವಕ್ಕೇ ಅಪಾಯ.”

ದೊಡ್ಡಕ್ಕ ಕಾಲಿನ ಕಡೆ ನೋಡಿದರು. “ನಿನ್ನೆ ಸಂಜೆ ತೆಗೆದಿದ್ರೆ?”

ಸರ್ಜನ್ ತಡೆದು ಹೇಳಿದರು. “ನಿನ್ನೆ ಸಂಜೆ ಉಳಿಯೋ ಹಾಗಿತ್ತು.”

ಪಕ್ಕದ ಮಂಚದ ಮುದುಕಿ ಅತ್ತ ತಿರುಗಿ ಮಲಗಿದಳು. ನಮ್ಮ ಯಜಮಾನರು ನೆಲಕ್ಕೆ ಕುಸಿದು, ಮಂಚದ ಅಂಚಿಗೆ ಹಣೆ ಹಚ್ಚಿದರು. ಮದುವೆಯಾದಂದಿನಿಂದ ನಾನು ಅವರು ಹಾಗೆ ಅತ್ತದ್ದನ್ನು ನೋಡಿರಲಿಲ್ಲ.

“ನಿನಗೆ ತಡ್ಕೊಳ್ಳೋಕೆ ಆಗಲ್ಲ ಅಂತ ಅಕ್ಕಾ… ನಿನ್ನ ಒಳ್ಳೇದಕ್ಕೆ ಅಂತ… ಬೈಯಿ ನನ್ನ. ಹೊಡಿ. ಏನಾದ್ರೂ ಅನ್ನು.”

ದೊಡ್ಡಕ್ಕ ತಮ್ಮನ ತಲೆಯನ್ನೇ ನೋಡಿದರು. ಕೈ ಎತ್ತಿದರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆಯಲಿ ಎಂದೂ ಅಂದುಕೊಂಡೆ. ಅವರು ಆ ಕೈಯನ್ನು ತಮ್ಮನ ಕೂದಲಲ್ಲಿ ಇಟ್ಟರು.

“ನಿನಗೇನಂತ ಬೈಲೋ,” ಎಂದರು. “ನಿಮಗೆಲ್ಲ ಇದನ್ನ ಕಲಿಸಿದವಳು ನಾನೇ ಅಲ್ವಾ.”

ಆಮೇಲೆ ಕಣ್ಣು ಒರೆಸಿಕೊಂಡು ಸರ್ಜನ್ ಕಡೆ ತಿರುಗಿದರು. “ಹೇಳಿ ಡಾಕ್ಟ್ರೇ. ಮೊಣಕಾಲಿಂದ ಎಷ್ಟು ಕೆಳಗೆ?”